ಬೆಳದಿಂಗಳ ಚಿತ್ರದಲ್ಲಿ ಮೊದಲು ಕತ್ತಲೆಯನ್ನು ನೋಡಿ

ಪ್ರಶ್ನೆ: ನಾನು ಈಚೆಗೆ ಚಿತ್ರಕಲೆ ಓದಲು ಶುರು ಮಾಡಿದವಳು. ತರಗತಿಯಲ್ಲಿ ಒಂದು ತೈಲವರ್ಣ ಚಿತ್ರದ ಪ್ರಿಂಟ್ ಕೊಟ್ಟು, ಅದರ ಭಾವ ಮತ್ತು ವಾತಾವರಣದ ಬಗ್ಗೆ ಬರೆಯಲು ಹೇಳಿದ್ದಾರೆ. ಚಿತ್ರದಲ್ಲಿ ಹುಣ್ಣಿಮೆ ಚಂದ್ರ ಅರ್ಧ ಮೋಡದ ಹಿಂದೆ ಇದ್ದಾನೆ. ಕೆಳಗೆ ಅಗಲವಾದ ನದಿ. ಎಡಗಡೆ ಎಲೆ ಉದುರಿದ ದೊಡ್ಡ ಮರ. ಆಚೆ ದಡದಲ್ಲಿ ಒಂದು ಮನೆ, ಅದರ ಒಂದೇ ಕಿಟಕಿಯಲ್ಲಿ ಬೆಳಕು. ಈಚೆ ದಡದಲ್ಲಿ ಖಾಲಿ ದೋಣಿ. ನೋಡಿದ ಕೂಡಲೇ ನನಗೆ ನೆಮ್ಮದಿ ಅನ್ನಿಸಿತು. ನನ್ನ ಅಕ್ಕ ಮಾತ್ರ ‘ಎಂಥ ಒಂಟಿತನ, ನೋಡಿದರೆ ಭಯ ಆಗುತ್ತೆ’ ಅಂದಳು. ಇಬ್ಬರಲ್ಲಿ ಯಾರು ಸರಿ? ಅಥವಾ ಇದೆಲ್ಲ ಅವರವರ ಮನಸ್ಸಿಗೆ ಬಿಟ್ಟಿದ್ದಾ?

ಉತ್ತರ: ಪೂರ್ತಿ ಅವರವರ ಮನಸ್ಸಿಗೆ ಬಿಟ್ಟಿದ್ದಲ್ಲ. ಹಾಗಂತ ಒಂದೇ ಸರಿಯುತ್ತರ ಇರಬೇಕು ಅಂತಲೂ ಇಲ್ಲ. ನಿಮಗೆ ನೆಮ್ಮದಿ ಅನ್ನಿಸಿದ್ದು ನಿಜ, ಅಕ್ಕನಿಗೆ ಭಯವಾಗಿದ್ದೂ ನಿಜ. ಆದರೆ ‘ನನಗೆ ಹೀಗನ್ನಿಸಿತು’ ಅನ್ನುವುದು ಒಂದು ಮಾತು, ‘ಈ ಚಿತ್ರದ ಭಾವ ಹೀಗಿದೆ’ ಅನ್ನುವುದು ಇನ್ನೊಂದು ಮಾತು. ಎರಡನೆಯದನ್ನು ಹೇಳಬೇಕಾದರೆ ಚಿತ್ರದೊಳಗೆ ಎಲ್ಲಾದರೂ ಬೆರಳಿಟ್ಟು ತೋರಿಸಬೇಕು. ಯಾವುದನ್ನು ನೋಡಿ ನೆಮ್ಮದಿ ಅನ್ನಿಸಿತು? ಯಾವುದನ್ನು ನೋಡಿ ಅಕ್ಕ ಹೆದರಿದರು? ಅಲ್ಲಿಂದ ಶುರು ಮಾಡಿದರೆ ನಿಮ್ಮ ಜಗಳ ಅರ್ಧ ಮುಗಿದಂತೆಯೇ. ಬಹುಶಃ ನೀವು ಕಿಟಕಿಯ ಬೆಳಕನ್ನು ಮೊದಲು ನೋಡಿದಿರಿ, ಅವರು ಮರವನ್ನು ಮೊದಲು ನೋಡಿದರು.

ನನ್ನ ಸಲಹೆ ಒಂದೇ. ಬೆಳದಿಂಗಳ ಚಿತ್ರದ ಮುಂದೆ ನಿಂತಾಗ ಚಂದ್ರನನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ಮೊದಲು ಕತ್ತಲೆಯನ್ನು ನೋಡಿ. ಕತ್ತಲೆ ಎಲ್ಲಿದೆ, ಎಷ್ಟಿದೆ, ನಿಮಗೆ ಹತ್ತಿರವೋ ದೂರವೋ, ಅದರೊಳಗೆ ಏನಾದರೂ ಕಾಣುತ್ತದೆಯೋ ಇಲ್ಲವೋ. ಎಲ್ಲರ ಕಣ್ಣೂ ಸೀದಾ ಚಂದ್ರನ ಕಡೆ ಹೋಗುತ್ತದೆ, ಅದು ಸಹಜ. ಆದರೆ ಶಾಂತವಾದ ಚಿತ್ರದಲ್ಲೂ ಹೆದರಿಸುವ ಚಿತ್ರದಲ್ಲೂ ಚಂದ್ರ ಹೆಚ್ಚುಕಡಿಮೆ ಒಂದೇ ಥರ ಇರುತ್ತಾನೆ. ಎರಡನ್ನೂ ಬೇರೆ ಮಾಡುವುದು ಅವನ ಬೆಳಕು ಮುಟ್ಟದೇ ಬಿಟ್ಟ ಜಾಗ.

ಹಾಗೇಕೆ ಅಂತ ತಿಳಿಯಲು ನಮ್ಮ ಕಣ್ಣಿನ ಕೆಲಸ ಸ್ವಲ್ಪ ಗೊತ್ತಿರಬೇಕು. ಹುಣ್ಣಿಮೆಯ ಚಂದ್ರ ಸೂರ್ಯನಿಗಿಂತ ಸುಮಾರು 4 ಲಕ್ಷ ಪಟ್ಟು ಮಂಕು. ಅಷ್ಟು ಕಡಿಮೆ ಬೆಳಕಿನಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಹೆಚ್ಚಿನ ಕೆಲಸ ಮಾಡುವುದಿಲ್ಲ. ದಂಡ ಕೋಶಗಳು ಕೆಲಸ ಶುರು ಮಾಡುತ್ತವೆ. ಅವಕ್ಕೆ ಬಣ್ಣ ತಿಳಿಯದು, ಸೂಕ್ಷ್ಮ ವಿವರವೂ ಸಿಗದು. ಅವು ಪೂರ್ತಿ ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕು. ಇನ್ನೂ ಒಂದು ವಿಷಯ ಇದೆ. ಕಣ್ಣಿನ ನಟ್ಟನಡುವೆ, ನಾವು ನೇರವಾಗಿ ನೋಡುವ ಜಾಗದಲ್ಲಿ, ದಂಡ ಕೋಶಗಳೇ ಇಲ್ಲ. ಅದಕ್ಕೇ ರಾತ್ರಿ ಹೊತ್ತು ಮಸುಕಾದ ವಸ್ತುವನ್ನು ದಿಟ್ಟಿಸಿದರೆ ಅದು ಮಾಯವಾಗುತ್ತದೆ, ಪಕ್ಕಕ್ಕೆ ನೋಡಿದರೆ ಮತ್ತೆ ಕಾಣುತ್ತದೆ.

ಇದರ ಪರಿಣಾಮ ಯೋಚಿಸಿ. ಬೆಳದಿಂಗಳಲ್ಲಿ ‘ಏನೋ ಇದೆ’ ಅಂತ ಕಾಣುತ್ತದೆ, ‘ಏನು’ ಅಂತ ಕಾಣುವುದಿಲ್ಲ. ನೆಮ್ಮದಿಗೂ ಭಯಕ್ಕೂ ಬೇರು ಇಲ್ಲೇ ಇದೆ. ವಿವರ ಕಳೆದುಹೋದಾಗ ಮನಸ್ಸಿಗೆ ವಿಶ್ರಾಂತಿ ಸಿಗುತ್ತದೆ. ಹಗಲಿನ ಗದ್ದಲವೆಲ್ಲ ಅಳಿಸಿಹೋಗಿ ದೊಡ್ಡ ದೊಡ್ಡ ಆಕಾರಗಳಷ್ಟೇ ಉಳಿಯುತ್ತವೆ. ಅದೇ ವಿವರ ಕಳೆದುಹೋದಾಗ ಅನುಮಾನವೂ ಹುಟ್ಟುತ್ತದೆ. ಆ ಪೊದೆಯ ಹಿಂದೆ ಏನು? ಆ ಕಪ್ಪು ಆಕಾರ ಮರವೋ ಮನುಷ್ಯನೋ? ಬೆಳದಿಂಗಳು ಎರಡೂ ದಾರಿಯನ್ನು ತೆರೆದಿಡುತ್ತದೆ. ಯಾವ ದಾರಿಗೆ ನಮ್ಮನ್ನು ತಳ್ಳಬೇಕು ಅನ್ನುವುದು ಚಿತ್ರಕಾರನ ಕೈಯಲ್ಲಿದೆ. ಹಾಗಾಗಿ ನೀವೂ ಅಕ್ಕನೂ ಒಂದೇ ಚಿತ್ರದಲ್ಲಿ ಎರಡು ಭಾವ ಕಂಡಿದ್ದರಲ್ಲಿ ವಿಚಿತ್ರವೇನಿಲ್ಲ.

ಈಗ ಕತ್ತಲೆಗೆ ಬರೋಣ. ಮೊದಲು ಕೇಳಬೇಕಾದ್ದು: ನಾನು ಎಲ್ಲಿ ನಿಂತಿದ್ದೇನೆ? ಪ್ರತಿ ದೃಶ್ಯಚಿತ್ರವೂ ನೋಡುವವರಿಗೆ ಒಂದು ಜಾಗ ಕೊಡುತ್ತದೆ. ಚಂದ್ರ ಚಿತ್ರದೊಳಗೇ ಕಾಣುತ್ತಿದ್ದಾನೆ ಅಂದರೆ ನಾವು ಬೆಳಕಿಗೆ ಎದುರಾಗಿ ನಿಂತಿದ್ದೇವೆ. ಆಗ ಹತ್ತಿರದ ಮರ, ಬಂಡೆ, ಮನುಷ್ಯ ಎಲ್ಲ ಬರೀ ಕಪ್ಪು ಆಕಾರಗಳಾಗುತ್ತವೆ, ಅವುಗಳ ನೆರಳು ನಮ್ಮ ಕಡೆಗೇ ಚಾಚುತ್ತದೆ. ಚಂದ್ರ ಚಿತ್ರದಲ್ಲಿ ಇಲ್ಲದೆ, ನಮ್ಮ ಬೆನ್ನ ಹಿಂದಿನಿಂದ ಬೆಳಗುತ್ತಿದ್ದರೆ ಎಲ್ಲವೂ ಮುಖ ತೋರಿಸುತ್ತದೆ. ಗೋಡೆ ಬಿಳಿಚಿಕೊಂಡಿರುತ್ತದೆ, ದಾರಿ ಕಾಣುತ್ತದೆ. ಈ ಎರಡರ ಭಾವ ಪೂರ್ತಿ ಬೇರೆ. ಕೆಲವು ಚಿತ್ರಗಳಲ್ಲಿ ಚಂದ್ರ ಎದುರಿಗಿದ್ದೂ ಮನೆಯ ಮುಂಗೋಡೆ ಬೆಳಗುತ್ತಿರುತ್ತದೆ. ನಿಜದಲ್ಲಿ ಹಾಗಾಗದು. ಅದನ್ನು ತಪ್ಪು ಅಂತ ಬದಿಗೆ ಸರಿಸಬೇಡಿ. ಚಿತ್ರಕಾರ ಆ ಗೋಡೆಯನ್ನು ನಾವು ನೋಡಲೇಬೇಕು ಅಂತ ಬಯಸಿದ್ದಾನೆ, ಯಾಕೆ ಅಂತ ಕೇಳಿ.

ಮುಂಭಾಗದ ಕತ್ತಲೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ಏಕೆಂದರೆ ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಚಿತ್ರದ ಕೆಳಗಿನ ಅಂಚಿನ ಹತ್ತಿರ ಕಣ್ಣು ತನ್ನಿ. ಅಲ್ಲಿ ಕಾಲಿಡಲು ನೆಲ ಇದೆಯಾ? ಸಣ್ಣದೊಂದು ದಾರಿ, ಹುಲ್ಲು, ಕಲ್ಲು ಏನಾದರೂ ಕಾಣುತ್ತದೆಯಾ? ಕಂಡರೆ ಚಿತ್ರ ನಿಮ್ಮನ್ನು ಒಳಗೆ ಕರೆಯುತ್ತಿದೆ. ಅಲ್ಲಿ ಬರೀ ಕಪ್ಪು ತುಂಬಿದ್ದರೆ, ದೂರದ ಬೆಳಕು ಎಷ್ಟೇ ಚೆನ್ನಾಗಿದ್ದರೂ ನೀವು ಕತ್ತಲೆಯಲ್ಲಿ ಉಳಿಯುತ್ತೀರಿ. ಆ ಬೆಳಕು ನಿಮ್ಮದಲ್ಲ ಅನ್ನಿಸುತ್ತದೆ. ಒಂಟಿತನದ ಚಿತ್ರಗಳಲ್ಲಿ ಈ ಉಪಾಯ ಪದೇ ಪದೇ ಕಾಣುತ್ತದೆ.

ಕತ್ತಲೆ ಸತ್ತಿದೆಯೋ ಜೀವಂತವಾಗಿದೆಯೋ ಅಂತಲೂ ನೋಡಿ. ಒಳ್ಳೆಯ ರಾತ್ರಿ ಚಿತ್ರದ ಕಪ್ಪು ಒಂದೇ ಕಪ್ಪಾಗಿರುವುದಿಲ್ಲ. ಅದರಲ್ಲಿ ಕಂದು, ಕಡು ಹಸಿರು, ನೇರಳೆ ಸೇರಿರುತ್ತದೆ. ದಿಟ್ಟಿಸುತ್ತಾ ಹೋದರೆ ಒಂದು ಬೇಲಿ, ಒಂದು ಹಸು, ಮಲಗಿದ ನಾಯಿ ನಿಧಾನವಾಗಿ ಹೊರಬರುತ್ತದೆ. ಅಂಥ ಕತ್ತಲೆ ನೆಮ್ಮದಿ ಕೊಡುತ್ತದೆ, ಏಕೆಂದರೆ ಕಾದರೆ ಅದು ಉತ್ತರ ಕೊಡುತ್ತದೆ. ಎಷ್ಟು ಹೊತ್ತು ನೋಡಿದರೂ ಏನೂ ಬಿಟ್ಟುಕೊಡದ ಕತ್ತಲೆ ಅಳುಕು ಹುಟ್ಟಿಸುತ್ತದೆ. ಅಂಚುಗಳನ್ನೂ ಗಮನಿಸಿ. ಆಕಾರದ ಅಂಚು ಹಿನ್ನೆಲೆಯಲ್ಲಿ ಕರಗಿಹೋಗಿದ್ದರೆ ಚಿತ್ರ ಮೃದುವಾಗುತ್ತದೆ. ಕೊಂಬೆಗಳು ಆಕಾಶದ ಮೇಲೆ ಚೂಪಾಗಿ ಕತ್ತರಿಸಿದಂತೆ ನಿಂತಿದ್ದರೆ ಕಣ್ಣು ಅಲ್ಲಲ್ಲೇ ಚುಚ್ಚಿಕೊಂಡು ನಿಲ್ಲುತ್ತದೆ.

ಆದರೆ ಚೂಪು ಕೊಂಬೆ ಕಂಡ ಕೂಡಲೇ ಭಯ ಅಂತ ಬರೆಯಬೇಡಿ. ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಚ್ 1819-20ರಲ್ಲಿ ‘ಚಂದ್ರನನ್ನು ನೋಡುತ್ತಿರುವ ಇಬ್ಬರು’ ಅನ್ನುವ ಚಿತ್ರ ಮಾಡಿದ. ಈಗ ಅದು ಡ್ರೆಸ್ಡೆನ್‌ನಲ್ಲಿದೆ. ಅದರಲ್ಲಿ ಏನೇನಿದೆ ಅನ್ನುವ ಪಟ್ಟಿಯನ್ನಷ್ಟೇ ಓದಿದರೆ ಭೂತದ ಕಥೆ ಅನ್ನಿಸಬೇಕು: ರಾತ್ರಿ, ಕಾಡು, ಬೇರು ಕಿತ್ತುಬಂದ ಓಕ್ ಮರ, ತಿರುಚಿದ ಬೋಳು ಕೊಂಬೆಗಳು, ಬಂಡೆ. ಆದರೆ ಚಿತ್ರ ಹೆದರಿಸುವುದಿಲ್ಲ. ಕಾರಣ ಇಬ್ಬರ ನಿಲುವಿನಲ್ಲಿದೆ. ಒಬ್ಬ ಇನ್ನೊಬ್ಬನ ಹೆಗಲಿಗೆ ಒರಗಿ ನಿಂತಿದ್ದಾನೆ. ಓಡುವ ಅವಸರ ಇಬ್ಬರಿಗೂ ಇಲ್ಲ. ಬೆನ್ನು ನಮ್ಮ ಕಡೆ ಇದೆ, ಅಂದರೆ ನಾವೂ ಅವರ ಹಿಂದೆ ನಿಂತು ಅವರು ನೋಡುತ್ತಿರುವುದನ್ನೇ ನೋಡುತ್ತೇವೆ. ಅವರ ಕಾಲ ಕೆಳಗೆ ದಾರಿಯೂ ಇದೆ. ಆಕಾಶದ ಬಣ್ಣ ತಣ್ಣನೆಯ ನೀಲಿಯಲ್ಲ, ಕಂದು ಬೆರೆತ ಬೆಚ್ಚನೆಯ ಛಾಯೆ. ಮರ ಹೆದರಿಸಲು ಹೊರಟರೂ ಮನುಷ್ಯರು ಅದಕ್ಕೆ ಅವಕಾಶ ಕೊಡುವುದಿಲ್ಲ. ನನ್ನ ಮಟ್ಟಿಗೆ ಬೆಳದಿಂಗಳ ಚಿತ್ರ ಓದಲು ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಒಂದೊಂದು ವಸ್ತುವಿಗೂ ಒಂದೊಂದು ಅರ್ಥ ಅಂಟಿಸಿ ಕೂಡಿಸಿದರೆ ಭಾವ ಸಿಗುವುದಿಲ್ಲ. ವಸ್ತುಗಳ ನಡುವೆ ಏನು ನಡೆಯುತ್ತಿದೆ ಅಂತ ನೋಡಬೇಕು.

ನಿಮ್ಮ ಚಿತ್ರದಲ್ಲಿ ಎರಡು ಬೆಳಕಿದೆ: ಚಂದ್ರ ಮತ್ತು ಕಿಟಕಿ. ಇದು ತುಂಬಾ ಹಳೆಯ ಜೋಡಿ. ಜರ್ಮನ್ ಚಿತ್ರಕಾರ ಆಡಂ ಎಲ್ಸ್‌ಹೈಮರ್ 1609ರಲ್ಲಿ ತಾಮ್ರದ ತಗಡಿನ ಮೇಲೆ ಮಾಡಿದ ‘ಈಜಿಪ್ಟಿಗೆ ಪಲಾಯನ’ ನೋಡಿ. ಸುಮಾರು 31 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲದ ಪುಟ್ಟ ಚಿತ್ರ. ಅಷ್ಟರಲ್ಲೇ ನೀರಿನಲ್ಲಿ ಪ್ರತಿಬಿಂಬಿಸುವ ಹುಣ್ಣಿಮೆ ಚಂದ್ರ, ಜೋಸೆಫನ ಕೈಯ ಪಂಜು, ಕುರುಬರು ಹಾಕಿದ ಬೆಂಕಿ, ಮೇಲೆ ಆಕಾಶಗಂಗೆ. ಬೈಬಲ್ಲಿನ ಕಥೆಯಂತೆ ಮಗು ಏಸುವನ್ನು ಎತ್ತಿಕೊಂಡು ಓಡುತ್ತಿರುವ ಮೇರಿ, ಜೋಸೆಫರ ಕುಟುಂಬ ಕತ್ತಲೆಯ ಕಾಡಿನ ಪಕ್ಕದಲ್ಲಿದೆ. ಒಂದು ಕಡೆ ಆಸರೆಯ ಬೆಂಕಿ ಕಾಯುತ್ತಿದೆ, ಇನ್ನೊಂದು ಕಡೆ ಚಂದ್ರ ಯಾರನ್ನೂ ಲೆಕ್ಕಿಸದೆ ಬೆಳಗುತ್ತಿದ್ದಾನೆ. ಅವರು ಬೆಂಕಿಯ ಕಡೆಗೇ ಹೋಗುತ್ತಿದ್ದಾರೆ ಅನ್ನುವುದೇ ನಮಗೆ ಸಮಾಧಾನ.

ಇದಕ್ಕೆ ಎದುರಾಗಿ ಇಂಗ್ಲಿಷ್ ಚಿತ್ರಕಾರ ಟರ್ನರ್‌ನ ‘ಕಡಲಿನಲ್ಲಿ ಮೀನುಗಾರರು’ ಇಟ್ಟು ನೋಡಿ. 1796ರಲ್ಲಿ, 21ರ ಹರೆಯದಲ್ಲಿ, ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅವನು ಪ್ರದರ್ಶಿಸಿದ ಮೊದಲ ತೈಲವರ್ಣ ಅದು. ಮೋಡದ ಬಿರುಕಿನಲ್ಲಿ ಚಂದ್ರ, ಕೆಳಗೆ ಏಳುಬೀಳುವ ಅಲೆ, ಅದರ ನಡುವೆ ದೋಣಿ. ದೋಣಿಯಲ್ಲಿ ಒಂದು ಸಣ್ಣ ಲಾಟೀನು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿದೆ. ಇಲ್ಲಿ ಬೆಚ್ಚನೆಯ ಬೆಳಕು ಧೈರ್ಯ ಕೊಡುವುದಿಲ್ಲ. ಅದು ಎಷ್ಟು ಚಿಕ್ಕದು ಅಂತ ಕಂಡಾಗಲೇ ಕಡಲು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಲಾಟೀನು ಇಲ್ಲದಿದ್ದರೆ ಅದು ಸುಮ್ನೆ ಚೆಂದದ ಕಡಲಿನ ಚಿತ್ರವಾಗಿ ಉಳಿಯುತ್ತಿತ್ತೇನೋ. 18ನೇ ಶತಮಾನದ ಫ್ರೆಂಚ್ ಚಿತ್ರಕಾರ ಕ್ಲೋದ್ ಜೋಸೆಫ್ ವೆರ್ನೆಯ ಬಂದರುಗಳಲ್ಲೂ ಇದೇ ಚಂದ್ರ, ಇದೇ ಬೆಂಕಿ ಇರುತ್ತದೆ. ಆದರೆ ಅಲ್ಲಿ ಬೆಂಕಿ ದಡದ ಮೇಲಿದೆ, ನಮಗೆ ಹತ್ತಿರವಿದೆ, ಸುತ್ತ ಜನ ಕೂತಿದ್ದಾರೆ. ಭಾವವೇ ಬೇರೆಯಾಗುತ್ತದೆ.

ಹಾಗಾಗಿ ದೀಪ ಕಂಡಾಗ ಕೇಳಬೇಕಾದ್ದು ಇಷ್ಟು: ಅದು ನನ್ನಿಂದ ಎಷ್ಟು ದೂರ? ನಡುವೆ ಏನಿದೆ? ಅಲ್ಲಿಗೆ ಹೋಗಲು ದಾರಿ ಇದೆಯಾ? ಇಂಗ್ಲೆಂಡಿನ ಜಾನ್ ಅಟ್ಕಿನ್ಸನ್ ಗ್ರಿಮ್‌ಶಾ (1836-1893) ಇದನ್ನು ಚೆನ್ನಾಗಿ ಅರಿತವನು. ಅವನ ಎಷ್ಟೋ ಚಿತ್ರಗಳಲ್ಲಿ ಒದ್ದೆ ಬೀದಿ, ಎತ್ತರದ ಗೋಡೆ, ಗೋಡೆಯಾಚೆ ದೀಪ ಬೆಳಗುವ ಮನೆ, ಬೀದಿಯಲ್ಲಿ ಒಂಟಿಯಾಗಿ ನಡೆಯುವ ಒಂದು ಆಕೃತಿ. ದೀಪ ಇದೆ, ಮನೆ ಇದೆ. ಆದರೆ ನಾವು ಗೋಡೆಯ ಈಚೆ ಇದ್ದೇವೆ. ಮನೆ ಕಾಣುವುದರಿಂದಲೇ ಆ ಬೀದಿ ಇನ್ನೂ ಖಾಲಿ ಅನ್ನಿಸುತ್ತದೆ.

ನೀರು ಇದ್ದರೆ ಅದನ್ನು ಬಿಡಬೇಡಿ. ನೀರು ಗಾಳಿಯ ಸುದ್ದಿ ಹೇಳುತ್ತದೆ. ಪೂರ್ತಿ ನಿಂತ ನೀರಿನಲ್ಲಿ ಚಂದ್ರ ದುಂಡಗೆ, ಇನ್ನೊಂದು ಚಂದ್ರನಂತೆ ಕಾಣುತ್ತಾನೆ. ಸಣ್ಣ ತೆರೆ ಎದ್ದರೂ ಆ ದುಂಡು ಒಡೆದು, ನಮ್ಮ ಕಡೆಗೆ ಉದ್ದಕ್ಕೆ ಚಾಚಿದ ಬೆಳಕಿನ ಪಟ್ಟಿಯಾಗುತ್ತದೆ. ಗಾಳಿ ಜಾಸ್ತಿಯಾದರೆ ಪಟ್ಟಿ ಅಗಲವಾಗಿ ಚೂರುಚೂರಾಗುತ್ತದೆ. ಈ ಪಟ್ಟಿಗೆ ಒಂದು ಗುಣವಿದೆ. ನದಿಯ ದಡದಲ್ಲಿ ಎಷ್ಟೇ ಜನ ನಿಂತರೂ ಪ್ರತಿಯೊಬ್ಬರಿಗೂ ಅದು ತಮ್ಮ ಕಡೆಗೇ ಬರುವಂತೆ ಕಾಣುತ್ತದೆ. ಆದ್ದರಿಂದ ಚಿತ್ರದಲ್ಲಿ ಆ ಪಟ್ಟಿ ಕೆಳಗಿನ ಅಂಚಿನವರೆಗೂ ಬಂದಿದ್ದರೆ ಚಿತ್ರಕಾರ ನಿಮ್ಮನ್ನು ಚಂದ್ರನಿಗೆ ನೇರವಾಗಿ ಜೋಡಿಸಿದ್ದಾನೆ. ಅದು ನಡುವೆಯೇ ಕತ್ತಲೆಯಲ್ಲಿ ನಿಂತುಹೋಗಿದ್ದರೆ ಜೋಡಣೆ ಕಡಿದಿದೆ. ನಾರ್ವೆಯ ಎಡ್ವರ್ಡ್ ಮುಂಕ್ 1890ರ ದಶಕದ ಚಿತ್ರಗಳಲ್ಲಿ ಈ ಪಟ್ಟಿಯನ್ನು ಒಡೆಯದೆ, ಗಟ್ಟಿಯಾದ ಹಳದಿ ಕಂಬದಂತೆ ನಿಲ್ಲಿಸಿದ. ನೀರು ಹಾಗೆ ಪ್ರತಿಬಿಂಬಿಸುವುದಿಲ್ಲ, ಅದಕ್ಕೇ ಅದು ಕಾಡುತ್ತದೆ. ನೀರು ನೀರಿನಂತೆ ವರ್ತಿಸದೇ ಇದ್ದಾಗ ಒಳಗೇನೋ ಸರಿಯಿಲ್ಲ ಅನ್ನಿಸುತ್ತದೆ.

ಚಂದ್ರನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅವನ ಆಕಾರ ಹೊತ್ತನ್ನು ಹೇಳುತ್ತದೆ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿ, ನಡುರಾತ್ರಿಗೆ ಎತ್ತರಕ್ಕೇರುತ್ತಾನೆ. ಶುಕ್ಲಪಕ್ಷದ ಎಳೆ ಚಂದ್ರ ಸಂಜೆ ಪಶ್ಚಿಮದಲ್ಲಿ, ಕೃಷ್ಣಪಕ್ಷದ ಕೊನೆಯ ಎಳೆ ನಸುಕಿಗೆ ಮುಂಚೆ ಪೂರ್ವದಲ್ಲಿ. ಹುಣ್ಣಿಮೆ ಚಂದ್ರ ಬಾನಂಚಿನ ಹತ್ತಿರ ಕೆಂಪಗಿದ್ದರೆ ರಾತ್ರಿ ಈಗಷ್ಟೇ ಶುರುವಾಗಿರಬಹುದು, ಜನ ಇನ್ನೂ ಎಚ್ಚರವಿರುತ್ತಾರೆ. ಮೇಲೆ ಬೆಳ್ಳಗಿದ್ದರೆ ನಡುರಾತ್ರಿ. ಆಗ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿದೆ ಅಂದರೆ ಅದಕ್ಕೆ ಕಾರಣ ಬೇಕು, ಅಲ್ವಾ? ಗಾತ್ರವನ್ನೂ ನೋಡಿ. ನಿಜವಾದ ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ. ಕೈ ಚಾಚಿ ಹಿಡಿದರೆ ಕಿರುಬೆರಳಿನ ಉಗುರು ಅವನನ್ನು ಮುಚ್ಚುತ್ತದೆ. ಚಿತ್ರಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಾಗಿ ಬರೆಯುತ್ತಾರೆ. ಸ್ವಲ್ಪ ದೊಡ್ಡದಾದರೆ ಆಪ್ತ, ತೀರಾ ದೊಡ್ಡದಾದರೆ ಕನಸು.

ಬಣ್ಣದ ವಿಷಯದಲ್ಲಿ ವಿದ್ಯಾರ್ಥಿಗಳು ಬೇಗ ಎಡವುತ್ತಾರೆ. ‘ನೀಲಿ ಇದೆ, ಹಾಗಾಗಿ ದುಃಖ’ ಅಂತ ಬರೆದುಬಿಡುತ್ತಾರೆ. ಬೆಳದಿಂಗಳು ನಿಜಕ್ಕೂ ನೀಲಿಯಲ್ಲ. ಅಳೆದು ನೋಡಿದರೆ ಬಿಸಿಲಿಗಿಂತ ಒಂದು ಚೂರು ಕೆಂಪಿನ ಕಡೆಗೇ ವಾಲುತ್ತದೆ. ಕತ್ತಲಾದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗಿ, ನೀಲಿ ಹಸಿರುಗಳು ಹೆಚ್ಚು ಬೆಳಗಿದಂತೆ ಕಾಣುತ್ತವೆ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿ ಬರೆದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರನ್ನೇ ಈ ಪರಿಣಾಮಕ್ಕೆ ಇಟ್ಟಿದ್ದಾರೆ. ಅಂದರೆ ನೀಲಿ ರಾತ್ರಿ ಅನ್ನುವುದು ಚಿತ್ರಕಾರ ಮಾಡಿಕೊಂಡ ಆಯ್ಕೆ. 17ನೇ ಶತಮಾನದ ಡಚ್ ಚಿತ್ರಕಾರ ಆರ್ಟ್ ವಾನ್ ಡರ್ ನೇರ್ ಬೆಳದಿಂಗಳ ಚಿತ್ರಗಳಿಗೇ ಹೆಸರಾದವನು, ಅವನ ರಾತ್ರಿಗಳಲ್ಲಿ ಕಂದು ಮತ್ತು ಬೂದು ಬಣ್ಣವೇ ಜಾಸ್ತಿ. ಅಮೆರಿಕದ ಫ್ರೆಡರಿಕ್ ರೆಮಿಂಗ್ಟನ್ 1900ರ ನಂತರ ಹಸಿರು ರಾತ್ರಿಗಳನ್ನು ಬರೆದ. ರಾತ್ರಿಗೆ ಹಗಲಿಗಿಂತ ಹೆಚ್ಚು ಬಣ್ಣವಿದೆ ಅನ್ನುವ ಅರ್ಥದ ಮಾತನ್ನು ವ್ಯಾನ್ ಗೋ 1888ರಲ್ಲಿ ತಂಗಿಗೆ ಬರೆದ ಪತ್ರದಲ್ಲಿ ಹೇಳಿದ್ದ. ಆದ್ದರಿಂದ ‘ನೀಲಿ’ ಅಂತ ಬರೆದು ನಿಲ್ಲಿಸಬೇಡಿ. ಎಂಥ ನೀಲಿ? ಬೂದು ಬೆರೆತದ್ದಾ, ಹಸಿರಿಗೆ ಹತ್ತಿರದ್ದಾ? ಅದರ ಪಕ್ಕದಲ್ಲಿ ಯಾವ ಬಣ್ಣ ಇದೆ? ಬೂದು ನೀಲಿಯ ಪಕ್ಕ ಒಂದು ಚುಕ್ಕೆ ಕಿತ್ತಳೆ ಬಿದ್ದರೆ ಇಡೀ ನೀಲಿ ಇನ್ನಷ್ಟು ತಣ್ಣಗಾಗುತ್ತದೆ.

ಬಣ್ಣದಿಂದ ಬೆಳಕಿನ ಭ್ರಮೆ ಹುಟ್ಟಿಸುವುದರಲ್ಲಿ ರಷ್ಯನ್ ಸಾಮ್ರಾಜ್ಯದ ಚಿತ್ರಕಾರ ಅರ್ಖಿಪ್ ಕುಯಿಂಜಿಯಷ್ಟು ಸುದ್ದಿ ಮಾಡಿದವರು ಕಡಿಮೆ. 1880ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವನು ‘ನೀಪರ್ ನದಿಯ ಮೇಲೆ ಬೆಳದಿಂಗಳ ರಾತ್ರಿ’ ಅನ್ನುವ ಒಂದೇ ಒಂದು ಚಿತ್ರದ ಪ್ರದರ್ಶನ ಇಟ್ಟ. ಕೋಣೆಯನ್ನು ಕತ್ತಲು ಮಾಡಿ, ಚಿತ್ರದ ಮೇಲೆ ಮಾತ್ರ ವಿದ್ಯುತ್ ದೀಪ ಬೀಳುವಂತೆ ಮಾಡಿದ್ದ. ಜನ ಸಾಲುಗಟ್ಟಿ ನಿಂತರು. ಚಿತ್ರದ ಹಿಂದೆ ದೀಪ ಇಟ್ಟಿರಬೇಕು ಅಂತ ಕೆಲವರು ಅನುಮಾನಪಟ್ಟರು. ದೀಪ ಇರಲಿಲ್ಲ. ಕ್ಯಾನ್ವಾಸಿನ ಬಹುಭಾಗ ಕತ್ತಲೆ, ಬೆಳಗುವ ಜಾಗ ತುಂಬಾ ಕಡಿಮೆ, ಅಷ್ಟೇ ಅದರ ಗುಟ್ಟು. ಬಿಳಿ ಬಣ್ಣಕ್ಕೆ ತಾನಾಗಿ ಹೊಳೆಯುವ ಶಕ್ತಿ ಇಲ್ಲ. ಸುತ್ತಲಿನ ಕತ್ತಲೆ ಅದಕ್ಕೆ ಆ ಶಕ್ತಿ ಕೊಡುತ್ತದೆ. ಚಂದ್ರನನ್ನು ಬಿಟ್ಟು ಕತ್ತಲೆಯನ್ನು ನೋಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಒಂದು ಎಚ್ಚರಿಕೆ. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಯುರೋಪಿನ ತೈಲವರ್ಣದ ದಾರಿಯಲ್ಲಿ ಬಂದ ಚಿತ್ರಗಳಿಗೆ ಸರಿ. ಎಲ್ಲ ಬೆಳದಿಂಗಳಿಗೂ ಇದೇ ಅಳತೆಗೋಲು ಹಿಡಿಯಬಾರದು. 18ನೇ ಶತಮಾನದ ಕೊನೆಯ, ಹಿಮಾಲಯದ ತಪ್ಪಲಿನ ಕಾಂಗ್ರಾ ಶೈಲಿಯ ಚಿತ್ರಗಳಲ್ಲಿ ರಾತ್ರಿ ಅಂದರೆ ಮೇಲೆ ಕಡು ಆಕಾಶ ಮತ್ತು ಬಿಳಿ ಚಂದ್ರ. ಕೆಳಗೆ ಮರದ ಒಂದೊಂದು ಎಲೆಯೂ, ನಾಯಿಕೆಯ ಉಡುಪಿನ ಅಂಚೂ ಸ್ಪಷ್ಟವಾಗಿ ಕಾಣುತ್ತದೆ. ನೆಲದ ಮೇಲೆ ನೆರಳೇ ಬೀಳುವುದಿಲ್ಲ. ಅಲ್ಲಿ ಕತ್ತಲೆ ಹುಡುಕಿದರೆ ಏನೂ ಸಿಗದು. ವಿರಹವೋ ಮಿಲನವೋ ಅನ್ನುವುದನ್ನು ಅವಳ ಕುತ್ತಿಗೆಯ ಬಾಗು, ಖಾಲಿ ಹಾಸಿಗೆ, ಮರಕ್ಕೆ ಸುತ್ತಿಕೊಂಡ ಬಳ್ಳಿ ಹೇಳುತ್ತವೆ. ಚೀನಾದ ಮಸಿ ಚಿತ್ರಗಳಲ್ಲಿ ಚಂದ್ರನನ್ನು ಬರೆಯುವುದೇ ಇಲ್ಲ ಅನ್ನಬಹುದು. ಸುತ್ತಲಿನ ಆಕಾಶಕ್ಕೆ ತೆಳುವಾಗಿ ಮಸಿ ಹರಿಸಿ, ಕಾಗದವನ್ನೇ ದುಂಡಗೆ ಖಾಲಿ ಬಿಡುತ್ತಾರೆ. ಅಲ್ಲಿನ ಖಾಲಿ ಜಾಗವನ್ನು ಒಂಟಿತನ ಅಂತ ಓದಿದರೆ ಚಿತ್ರಕ್ಕೆ ಅನ್ಯಾಯ ಮಾಡಿದಂತೆ.

ಇನ್ನು ಕೆಲವು ಚಿತ್ರಕಾರರಿಗೆ ಕಥೆಯೇ ಬೇಡ. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ವಿಸ್ಲರ್ ತನ್ನ ರಾತ್ರಿಯ ಚಿತ್ರಗಳನ್ನು ಸಂಗೀತದಿಂದ ಬಂದ ‘ನಾಕ್ಟರ್ನ್’ ಅನ್ನುವ ಹೆಸರಿನಿಂದ ಕರೆದ. 1871ರ ‘ನಾಕ್ಟರ್ನ್: ನೀಲಿ ಮತ್ತು ಬೆಳ್ಳಿ – ಚೆಲ್ಸಿ’ ಚಿತ್ರದಲ್ಲಿ ಥೇಮ್ಸ್ ನದಿ, ಆಚೆ ದಡದ ಮಸುಕು ಕಟ್ಟಡಗಳು, ಈಚೆ ಒಬ್ಬನೇ ಮನುಷ್ಯ ಇದ್ದಾನೆ. ಅವನು ಯಾರು, ಏನು ಮಾಡುತ್ತಿದ್ದಾನೆ ಅಂತ ಕೆದಕಿದರೆ ಉಪಯೋಗವಿಲ್ಲ. ತೆಳ್ಳಗೆ ಹರಿಸಿದ ಬಣ್ಣ, ಅಡ್ಡಡ್ಡ ಗೆರೆ, ಹೆಚ್ಚುಕಡಿಮೆ ಒಂದೇ ಛಾಯೆ. ಅದರ ಭಾವ ಅಷ್ಟರಲ್ಲೇ ಇದೆ.

ಈಗ ನಿಮ್ಮ ಚಿತ್ರ. ನೀವು ಹೇಳಿದ್ದನ್ನಷ್ಟೇ ಇಟ್ಟುಕೊಂಡು ಹೇಳುತ್ತೇನೆ. ಬೆಚ್ಚನೆಯ ಬೆಳಕು ಆಚೆ ದಡದಲ್ಲಿದೆ. ನಾವು ಈಚೆ ಇದ್ದೇವೆ, ಬೋಳು ಮರದ ಪಕ್ಕದಲ್ಲಿ. ನಡುವೆ ನದಿ, ಅದೂ ಅಗಲವಾದದ್ದು. ಅಕ್ಕ ಹೇಳಿದ ಒಂಟಿತನಕ್ಕೆ ಇಷ್ಟು ಆಧಾರ ಸಾಕು. ಆದರೆ ದೋಣಿ ನಮ್ಮ ದಡದಲ್ಲಿದೆ. ದಾಟಲು ದಾರಿ ಇದೆ. ಆಚೆ ಯಾರೋ ದೀಪ ಆರಿಸದೆ ಕೂತಿದ್ದಾರೆ. ನಿಮ್ಮ ನೆಮ್ಮದಿಗೂ ಇಲ್ಲಿ ಆಧಾರ ಇದೆ. ನನಗಂತೂ ಇದು ಭಯದ ಚಿತ್ರ ಅನ್ನಿಸುವುದಿಲ್ಲ, ಪೂರ್ತಿ ಶಾಂತಿಯ ಚಿತ್ರವೂ ಅನ್ನಿಸುವುದಿಲ್ಲ. ಕಾಯುವಿಕೆಯ ಚಿತ್ರ ಅನ್ನಿಸುತ್ತದೆ. ನೆಮ್ಮದಿ ಕಾಣುತ್ತಿದೆ, ಇನ್ನೂ ಕೈಗೆ ಸಿಕ್ಕಿಲ್ಲ.

ಇದನ್ನು ಪರೀಕ್ಷಿಸಲು ಮೂರ್ನಾಲ್ಕು ಕಡೆ ನೋಡಿ. ದೋಣಿ ಹಗ್ಗದಿಂದ ಕಟ್ಟಿದೆಯಾ, ಅಥವಾ ಸುಮ್ನೆ ದಡಕ್ಕೆ ತಾಗಿ ನಿಂತಿದೆಯಾ? ಕಟ್ಟಿದ್ದರೆ ಯಾರೋ ಇಟ್ಟು ಹೋಗಿದ್ದಾರೆ, ಮತ್ತೆ ಬರುತ್ತಾರೆ. ಹುಟ್ಟು ಒಳಗಿದೆಯಾ? ಹುಟ್ಟಿಲ್ಲದ ದೋಣಿ ದಾಟುವ ಆಸೆಯನ್ನು ಮುರಿಯುತ್ತದೆ, ಆಗ ಅಕ್ಕನ ಮಾತಿಗೆ ತೂಕ ಬರುತ್ತದೆ. ಬೆಳಕಿನ ಪಟ್ಟಿ ದೋಣಿಯ ಹತ್ತಿರ ಬಂದಿದೆಯಾ? ಮರದ ಕೊಂಬೆಗಳು ಮನೆಗೆ ಚೌಕಟ್ಟಿನಂತೆ ಬಾಗಿವೆಯಾ, ಅಥವಾ ಮನೆಗೂ ನಮಗೂ ನಡುವೆ ಅಡ್ಡ ಬಂದಿವೆಯಾ? ಮೋಡದ ಅಂಚು ಬೆಳಗಿದ್ದು, ಅದರ ಸುತ್ತ ಆಕಾಶ ತೆರೆದಿದ್ದರೆ ಚಂದ್ರ ಹೊರಬರುತ್ತಾನೆ ಅನ್ನಿಸುತ್ತದೆ. ಸುತ್ತಲೂ ಮೋಡ ಒತ್ತಿ ಬರುತ್ತಿದ್ದರೆ ಈ ಬೆಳಕು ಹೆಚ್ಚು ಹೊತ್ತು ಇರದು. ಇವುಗಳ ಉತ್ತರ ಒಂದೇ ಕಡೆ ವಾಲಿದರೆ ಧೈರ್ಯವಾಗಿ ಹಾಗೆ ಬರೆಯಿರಿ. ಬೇರೆ ಬೇರೆ ಕಡೆ ವಾಲಿದರೆ ಅದನ್ನೂ ಹಾಗೇ ಬರೆಯಿರಿ, ಅದು ನಿಮ್ಮ ಸೋಲಲ್ಲ. ಬಲವಂತವಾಗಿ ಒಂದೇ ಭಾವಕ್ಕೆ ಇಳಿಸುವುದೇ ತಪ್ಪು.

ಬರೆಯುವಾಗ ‘ಚಿತ್ರ ಶಾಂತವಾಗಿದೆ’ ಅಂತ ಶುರು ಮಾಡಬೇಡಿ. ಹೀಗೆ ಬರೆಯಬಹುದು: ‘ಚಿತ್ರದ ಕೆಳಭಾಗ ಪೂರ್ತಿ ಕತ್ತಲೆಯಲ್ಲಿದೆ, ದೋಣಿಯ ಒಂದು ಅಂಚು ಮಾತ್ರ ಕಾಣುತ್ತದೆ. ಕಣ್ಣು ಅಲ್ಲಿಂದ ನದಿಯ ಬೆಳಕು ಹಿಡಿದು ಆಚೆ ಕಿಟಕಿಗೆ ಹೋಗುತ್ತದೆ. ಕಿಟಕಿಯ ಬಣ್ಣ ಬೆಚ್ಚಗಿದೆ, ಆದರೆ ತುಂಬಾ ಚಿಕ್ಕದು. ಹಾಗಾಗಿ ನೆಮ್ಮದಿ ದೂರದಲ್ಲಿದೆ ಅನ್ನುವ ಭಾವ ಬರುತ್ತದೆ.’ ಮೊದಲು ಕಂಡದ್ದು, ಆಮೇಲೆ ಅನ್ನಿಸಿದ್ದು. ಇದನ್ನು ಓದಿದವರು ನಿಮ್ಮ ಮಾತು ಒಪ್ಪದಿರಬಹುದು, ಆದರೆ ಎಲ್ಲಿ ಒಪ್ಪುವುದಿಲ್ಲ ಅಂತ ಅವರೂ ಬೆರಳಿಟ್ಟು ತೋರಿಸಬೇಕಾಗುತ್ತದೆ.

ಕಥೆ ಕಟ್ಟುವಾಗ ಸ್ವಲ್ಪ ಹಿಡಿತವಿರಲಿ. ಗಂಡ ಕಡಲಿಗೆ ಹೋಗಿದ್ದಾನೆ, ಹೆಂಡತಿ ಕಾಯುತ್ತಿದ್ದಾಳೆ ಅಂತೆಲ್ಲ ಬರೆಯಲು ಮನಸ್ಸಾಗುತ್ತದೆ. ಕಿಟಕಿಯಲ್ಲಿ ಯಾರೂ ಕಾಣುತ್ತಿಲ್ಲ ಅಂದಮೇಲೆ ಆ ಹೆಂಡತಿ ನಿಮ್ಮವಳು, ಚಿತ್ರದವಳಲ್ಲ.

ಕೊನೆಗೆ, ಪ್ರಿಂಟನ್ನು ಪೂರ್ತಿ ನಂಬಬೇಡಿ. ರಾತ್ರಿ ಚಿತ್ರಗಳಷ್ಟು ಪ್ರಿಂಟಿನಲ್ಲಿ ಕೆಡುವ ಚಿತ್ರಗಳು ಬೇರೆ ಇಲ್ಲ. ಕತ್ತಲೆಯೊಳಗಿನ ಕಂದು, ನೇರಳೆಗಳೆಲ್ಲ ಒಂದೇ ಕಪ್ಪಾಗಿಬಿಡುತ್ತವೆ. ಆಗ ಜೀವಂತ ಕತ್ತಲೆಯೂ ಸತ್ತ ಕತ್ತಲೆಯಂತೆ ಕಾಣುತ್ತದೆ. ಮೂಲ ಚಿತ್ರವೂ ಬರೆದ ದಿನದಂತೆ ಉಳಿದಿರುವುದಿಲ್ಲ. ಹಳೆಯ ವಾರ್ನಿಷ್ ಹಳದಿಯಾಗಿ ನೀಲಿ ಆಕಾಶವನ್ನು ಹಸಿರಾಗಿಸುತ್ತದೆ. ಗಾಜಿನ ಪುಡಿಯಿಂದ ಮಾಡುತ್ತಿದ್ದ ಸ್ಮಾಲ್ಟ್ ಅನ್ನುವ ಹಳೆಯ ನೀಲಿ ಕಾಲ ಕಳೆದಂತೆ ಬೂದಾಗುತ್ತದೆ. ಕುಯಿಂಜಿಯ ಆ ಪ್ರಸಿದ್ಧ ಚಿತ್ರವೂ ಮೊದಲಿಗಿಂತ ಕಪ್ಪಾಗಿದೆ. ಹಾಗಾಗಿ ನಿಮ್ಮ ಚಿತ್ರ ಯಾವುದು, ಯಾವ ಸಂಗ್ರಹಾಲಯದಲ್ಲಿದೆ ಅಂತ ಶಿಕ್ಷಕರನ್ನು ಕೇಳಿ. ಆ ಸಂಗ್ರಹಾಲಯದ ಜಾಲತಾಣದಲ್ಲಿ ದೊಡ್ಡ ಫೋಟೊ ಇದ್ದರೆ, ಕೋಣೆಯ ದೀಪ ಕಡಿಮೆ ಮಾಡಿ, ಪರದೆಯ ಬೆಳಕನ್ನು ಜಾಸ್ತಿ ಇಟ್ಟು, ಕೆಳಗಿನ ಎಡ ಮೂಲೆಯನ್ನು ಹಿಗ್ಗಿಸಿ ನೋಡಿ. ಮರದ ಬುಡದಲ್ಲಿ ಏನಿದೆ ಅಂತ ಗೊತ್ತಾದ ಮೇಲೆ ಬರೆಯಲು ಕೂತುಕೊಳ್ಳಿ.